ಬಿಸಿನೀರು ತಣ್ಣೀರು ಸೇರುವಲ್ಲಿ ಮೀನು ಹೆಚ್ಚಂತೆ, ನಮ್ಮ ಕಡಲಲ್ಲಿ ಆ ಜಾಗ ಎಲ್ಲಿದೆ?

ಪ್ರಶ್ನೆ: ಮಗಳ ಭೂಗೋಳ ಪುಸ್ತಕದಲ್ಲಿ ಉಷ್ಣ ಪ್ರವಾಹ, ಶೀತ ಪ್ರವಾಹ ಸೇರುವ ಕಡೆ ಮೀನು ಸಮೃದ್ಧ ಎಂದು ಬರೆದಿದೆ. ನ್ಯೂಫೌಂಡ್‌ಲ್ಯಾಂಡ್, ಜಪಾನ್ ಹೆಸರು ಇದೆ, ಮಂಗಳೂರು–ಮಲ್ಪೆ ಹೆಸರಿಲ್ಲ. ಹಾಗಾದರೆ ನಮ್ಮ ಕರಾವಳಿಗೆ ಇಷ್ಟು ಬೂತಾಯಿ, ಬಂಗುಡೆ ಎಲ್ಲಿಂದ ಬರುತ್ತವೆ? ದಾವಣಗೆರೆ ಮಾರುಕಟ್ಟೆಯಲ್ಲಿ ಒಂದು ವರ್ಷ ಬೂತಾಯಿ ರಾಶಿ, ಇನ್ನೊಂದು ವರ್ಷ ಕಣ್ಣಿಗೇ ಬೀಳುವುದಿಲ್ಲ, ಯಾಕೆ? ಕೊಳ್ಳುವಾಗ ಏನು ನೋಡಬೇಕು? ಇನ್ನೊಂದು: ನಮ್ಮ ಕೃಷಿಹೊಂಡದಲ್ಲಿ ಕಾಟ್ಲಾ ಬಿಟ್ಟಿದ್ದೇವೆ. ಮೋಡ ಮುಚ್ಚಿದ ಮಾರನೇ ದಿನ ಬೆಳಗ್ಗೆ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಇದಕ್ಕೂ ನೀರಿನ ಬಿಸಿ–ತಂಪಿಗೂ ಸಂಬಂಧ ಇದೆಯೇ?
— ಓದುಗರು, ಚನ್ನಗಿರಿ ತಾಲ್ಲೂಕು

ಉತ್ತರ: ಪುಸ್ತಕ ಹೇಳುವುದು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಲ್ಲಿಸಿದೆ. ಎರಡು ನೀರು ಎದುರಾದ ಮಾತ್ರಕ್ಕೆ ಮೀನು ಹೆಚ್ಚುವುದಿಲ್ಲ. ಮೀನಿಗೆ ಮೊದಲು ಮೇವು ಬೇಕು. ಕಡಲಿನ ಮೇವು ಅಂದರೆ ಸಸ್ಯಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಅತಿ ಸಣ್ಣ ಪಾಚಿಗಳು, ಅದರಲ್ಲೂ ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುವ ಡಯಾಟಮ್‌ಗಳು. ಅವು ಬೆಳೆಯಲು ಬಿಸಿಲು ಮತ್ತು ಗೊಬ್ಬರ ಎರಡೂ ಒಂದೇ ಕಡೆ ಸಿಗಬೇಕು. ಕಡಲಲ್ಲಿ ತೊಂದರೆ ಇರುವುದೇ ಇಲ್ಲಿ. ಬಿಸಿಲು ಮೇಲಿನ ಹತ್ತಾರು ಮೀಟರ್‌ವರೆಗೆ ಮಾತ್ರ ಇಳಿಯುತ್ತದೆ. ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಇರುವುದು ಕೆಳಗಿನ ಕತ್ತಲೆಯಲ್ಲಿ, ಏಕೆಂದರೆ ಮೇಲೆ ಸತ್ತದ್ದೆಲ್ಲ ಕೆಳಗಿಳಿದು ಅಲ್ಲೇ ಕೊಳೆಯುತ್ತದೆ. ಮೇಲಿನ ಬಿಸಿನೀರು ಹಗುರ, ಕೆಳಗಿನ ತಣ್ಣೀರು ಭಾರ. ಹಗುರವಾದದ್ದು ಭಾರದ ಮೇಲೆ ಕೂತರೆ ತಾನಾಗಿ ಬೆರೆಯುವುದಿಲ್ಲ. ಗಾಳಿಯೋ ಪ್ರವಾಹವೋ ಕಡಲತಳದ ಏರುತಗ್ಗೋ ಈ ಮುಚ್ಚಳವನ್ನು ಒಡೆದ ಕಡೆ ಮಾತ್ರ ಕೆಳಗಿನ ಗೊಬ್ಬರ ಬೆಳಕಿಗೆ ಬರುತ್ತದೆ. ಉಷ್ಣ–ಶೀತ ಪ್ರವಾಹಗಳ ಸಂಗಮ ಮುಚ್ಚಳ ಒಡೆಯುವ ದಾರಿಗಳಲ್ಲಿ ಒಂದು, ಅಷ್ಟೇ.

ಪುಸ್ತಕದಲ್ಲಿರುವ ನ್ಯೂಫೌಂಡ್‌ಲ್ಯಾಂಡ್ ಬಳಿಯ ಗ್ರ್ಯಾಂಡ್ ಬ್ಯಾಂಕ್ಸ್ ಕಡಲು ನೋಡಿ. ಉತ್ತರದಿಂದ ಲ್ಯಾಬ್ರಡಾರ್ ಶೀತ ಪ್ರವಾಹ, ದಕ್ಷಿಣದಿಂದ ಗಲ್ಫ್ ಸ್ಟ್ರೀಮ್ ಉಷ್ಣ ಪ್ರವಾಹ. ಆದರೆ ಅಲ್ಲಿ ಕಾಡ್ ಮೀನು ಶತಮಾನಗಟ್ಟಲೆ ಸಿಕ್ಕಿದ್ದಕ್ಕೆ ಇನ್ನೊಂದು ದೊಡ್ಡ ಕಾರಣ ಆ ಕಡಲತಳದ ವಿಶಾಲ ದಿಬ್ಬ. ಬಹುಭಾಗ 100 ಮೀಟರಿಗಿಂತ ಕಡಿಮೆ ಆಳ, ಹಾಗಾಗಿ ತಳದ ಗೊಬ್ಬರಕ್ಕೆ ಬೆಳಕು ದೂರವಿಲ್ಲ. ಅಷ್ಟು ಸಮೃದ್ಧ ಜಾಗದಲ್ಲೂ ಅತಿಯಾಗಿ ಹಿಡಿದು ಕಾಡ್ ಮುಗಿಯುತ್ತಾ ಬಂದು, 1992ರಲ್ಲಿ ಕೆನಡಾ ಸರ್ಕಾರ ಅದರ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಪ್ರವಾಹಗಳು ಇವತ್ತಿಗೂ ಅಲ್ಲೇ ಸೇರುತ್ತಿವೆ. ಜಪಾನಿನ ಈಶಾನ್ಯ ಕರಾವಳಿಯಲ್ಲಿ ಬೆಚ್ಚಗಿನ ಕುರೋಶಿಯೋ, ತಣ್ಣನೆಯ ಒಯಾಶಿಯೋ ಪ್ರವಾಹಗಳು ಸೇರುವ ಕಥೆಯೂ ಹೆಚ್ಚುಕಡಿಮೆ ಇದೇ ಬಗೆಯದು.

ಎರಡು ನೀರು ಅಕ್ಕಪಕ್ಕ ಇದ್ದಾಗ ಜೀವಜಾಲ ಹೇಗೆ ಬದಲಾಗುತ್ತದೆ ಎಂದು ಕಣ್ಣಾರೆ ಕಾಣುವ ಜಾಗ ದಕ್ಷಿಣ ಆಫ್ರಿಕಾದ ತುದಿ. ಪೂರ್ವದಲ್ಲಿ ಬೆಚ್ಚಗಿನ ಅಗುಲ್ಹಾಸ್ ಪ್ರವಾಹ, ಪಶ್ಚಿಮದಲ್ಲಿ ತಣ್ಣನೆಯ ಬೆಂಗ್ವೆಲಾ. ಪಶ್ಚಿಮ ದಡದಲ್ಲಿ ಹತ್ತು ಮೀಟರಿಗೂ ಎತ್ತರ ಬೆಳೆಯುವ ಕೆಲ್ಪ್ ಎಂಬ ಕಡಲಪಾಚಿಯ ಕಾಡು, ಅದರೊಳಗೆ ಅಬಲೋನಿ ಚಿಪ್ಪು, ಕಲ್ಲುಸಿಗಡಿ. ಪೂರ್ವಕ್ಕೆ ಹೋಗುತ್ತಾ ಕೆಲ್ಪ್ ಮಾಯವಾಗಿ, ಉತ್ತರದ ಕಡೆ ಹವಳ ಕಾಣಿಸಿಕೊಳ್ಳುತ್ತದೆ. ಒಂದೇ ದೇಶದ ಎರಡು ದಡ, ಎರಡು ಬೇರೆ ಲೋಕ. ಪ್ರತಿ ವರ್ಷ ಮೇ–ಜುಲೈ ಹೊತ್ತಿಗೆ ಪೂರ್ವ ದಡದ ಅಂಚಿಗೆ ತಣ್ಣೀರಿನ ಕಿರಿದಾದ ಪಟ್ಟಿಯೊಂದು ಚಾಚುತ್ತದೆ. ಅದರೊಳಗೆ ಸಾರ್ಡೀನ್‌ಗಳ (ನಮ್ಮ ಬೂತಾಯಿಯ ನೆಂಟ ಮೀನು) ದಂಡು ಪೂರ್ವ ದಡದ ಕ್ವಾಝುಲು–ನಟಾಲ್ ಪ್ರಾಂತ್ಯದ ಕಡೆಗೆ ನುಗ್ಗುತ್ತದೆ. ಹೊರಗೆ ಬಿಸಿನೀರು, ಒಳಗೆ ದಡ. ಇಕ್ಕಟ್ಟಿನಲ್ಲಿ ಸಿಕ್ಕ ದಂಡಿನ ಮೇಲೆ ಡಾಲ್ಫಿನ್, ಶಾರ್ಕ್, ಗ್ಯಾನೆಟ್ ಹಕ್ಕಿ, ಬ್ರೈಡ್ಸ್ ತಿಮಿಂಗಿಲ ಎಲ್ಲವೂ ಒಟ್ಟಿಗೆ ಬೀಳುತ್ತವೆ. ತಳಿಪರೀಕ್ಷೆ ಮಾಡಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ದಂಡಿನ ಮೀನುಗಳು ಮೂಲತಃ ಅಟ್ಲಾಂಟಿಕ್ ಕಡೆಯ ತಂಪುನೀರಿನವು. ಅಂದರೆ ತಣ್ಣೀರನ್ನು ನಂಬಿ ಹೊರಟು, ಕೊನೆಗೆ ತಮಗೆ ಒಗ್ಗದ ಬಿಸಿನೀರಿನಲ್ಲಿ ಸಿಕ್ಕಿಬೀಳುತ್ತವೆ. ಸಂಗಮ ಯಾವಾಗಲೂ ಮೀನಿಗೆ ಒಳ್ಳೆಯದು ಅಂತಿಲ್ಲ.

ಇಲ್ಲೇ ಒಂದು ಮಾತು. ‘ಎರಡು ಸಾಗರ ಸೇರುತ್ತವೆ, ಆದರೆ ಬೆರೆಯುವುದಿಲ್ಲ’ ಎಂದು ನಡುವೆ ಗೆರೆ ಕೊರೆದಂಥ ವಾಟ್ಸ್ಆ್ಯಪ್ ವಿಡಿಯೊ ನಿಮಗೂ ಬಂದಿರುತ್ತದೆ. ಬಹುತೇಕ ಅದು ಅಲಾಸ್ಕಾ ಕೊಲ್ಲಿಯದ್ದು. ಹಿಮನದಿ ಕರಗಿ ಬಂದ, ನುಣ್ಣನೆ ಹೂಳು ತುಂಬಿದ ಸಿಹಿನೀರು ಕಡಲಿಗೆ ತಾಗುವ ಜಾಗ. ಅದು ನಿಧಾನಕ್ಕೆ ಬೆರೆಯುತ್ತದೆ, ಗೆರೆಯೂ ಜಾಗ ಬದಲಿಸುತ್ತಿರುತ್ತದೆ. ಬೆರೆಯದ ಎರಡು ಸಾಗರ ಭೂಮಿಯ ಮೇಲೆ ಎಲ್ಲೂ ಇಲ್ಲ. ಮಗಳಿಗೆ ಇದನ್ನಂತೂ ಹೇಳಿ.

ಈಗ ನಮ್ಮ ಕಡಲು. ಕಾರವಾರದಿಂದ ಮಂಗಳೂರಿನವರೆಗೆ ಲ್ಯಾಬ್ರಡಾರ್‌ನಂಥ ಶೀತ ಪ್ರವಾಹ ಇಲ್ಲವೇ ಇಲ್ಲ. ಇಲ್ಲಿ ತಣ್ಣೀರು ಬರುವುದು ಪಕ್ಕದಿಂದಲ್ಲ, ಕೆಳಗಿನಿಂದ, ಅದೂ ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರದುರ್ಗದ ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ಗಿರ್ರೆಂದು ತಿರುಗಿಸುವ ಮುಂಗಾರು ಗಾಳಿಯೇ ಅದಕ್ಕೂ ಮೊದಲು ಅರಬ್ಬೀ ಸಮುದ್ರದಲ್ಲಿ ಈ ಕೆಲಸ ಮಾಡಿಕೊಂಡು ಬಂದಿರುತ್ತದೆ. ಕರಾವಳಿಯ ಹತ್ತಿರ ಆ ಗಾಳಿ ಪಶ್ಚಿಮ–ವಾಯವ್ಯದಿಂದ ಬೀಸುತ್ತದೆ, ಅದರ ಒಂದು ಪಾಲು ದಡದ ಉದ್ದಕ್ಕೆ ದಕ್ಷಿಣಕ್ಕೆ ತಳ್ಳುತ್ತದೆ. ಭೂಮಿ ತಿರುಗುವುದರಿಂದ ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ಮೇಲ್ನೀರು ಗಾಳಿಯ ಬಲಕ್ಕೆ ಸರಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಬಲಗೈ ಪಶ್ಚಿಮ, ಅಂದರೆ ನಡುಗಡಲು. ದಡದ ಮೇಲ್ನೀರು ಹೊರಕ್ಕೆ ಹೋದ ಜಾಗ ತುಂಬಲು ಕೆಳಗಿನ ತಣ್ಣೀರು ಏರುತ್ತದೆ. ಇದರ ಜತೆಗೆ ಕನ್ಯಾಕುಮಾರಿ, ಶ್ರೀಲಂಕಾ ಕಡೆ ಗಾಳಿ ಎಬ್ಬಿಸಿದ, ಕಣ್ಣಿಗೆ ಕಾಣದಷ್ಟು ಉದ್ದನೆಯ ಅಲೆಗಳು ದಡಕ್ಕೆ ಅಂಟಿಕೊಂಡು ಉತ್ತರಕ್ಕೆ ಬಂದು ತಣ್ಣೀರಿನ ಪದರವನ್ನು ಮೇಲೆತ್ತುತ್ತವೆ. ಹಾಗಾಗಿ ಇದು ಮೊದಲು ಕೇರಳದ ದಕ್ಷಿಣದಲ್ಲಿ ಶುರುವಾಗಿ, ಆಮೇಲೆ ನಮ್ಮಲ್ಲಿಗೆ ತಲುಪುತ್ತದೆ.

ಮೇ ತಿಂಗಳಲ್ಲಿ 30 ಡಿಗ್ರಿಯ ಆಸುಪಾಸು ಇರುವ ನಮ್ಮ ತೀರದ ಕಡಲಲ್ಲಿ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ 20–30 ಮೀಟರ್ ಆಳದ ನೀರು 22–23 ಡಿಗ್ರಿಗೆ ಇಳಿದಿರುತ್ತದೆ. ಆದರೆ ಮಲ್ಪೆ ದಂಡೆಯಲ್ಲಿ ಕಾಲಿಟ್ಟರೆ ಅಷ್ಟು ತಣ್ಣಗೆ ಅನಿಸುವುದಿಲ್ಲ. ಘಟ್ಟದ ಮಳೆಯನ್ನೆಲ್ಲ ನೇತ್ರಾವತಿ, ಶರಾವತಿ, ಕಾಳಿ ನದಿಗಳು ತಂದು ಸುರಿಯುವುದರಿಂದ ಮೇಲಿನ 5–10 ಮೀಟರ್ ಉಪ್ಪು ಕಡಿಮೆಯಾದ ಹಗುರ ನೀರಿನ ಹೊದಿಕೆಯಾಗುತ್ತದೆ. ತಣ್ಣೀರು ಅದರಡಿಯಲ್ಲೇ ಮಲಗಿರುತ್ತದೆ. ಹಾಗಾಗಿ ನಮ್ಮ ಕಡಲಿನ ಬಿಸಿ–ತಂಪಿನ ಸಂಗಮ ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುವಂಥದ್ದಲ್ಲ. ಅದು ದೋಣಿಯ ಅಡಿಗೇ ಇದೆ.

ಗೊಬ್ಬರ ಮೇಲೆ ಬಂದ ಕೆಲವೇ ದಿನಗಳಲ್ಲಿ ಡಯಾಟಮ್ ದುಪ್ಪಟ್ಟು, ಮತ್ತೆ ದುಪ್ಪಟ್ಟು ಆಗುತ್ತಾ ನೀರು ಹಸಿರು–ಕಂದು ತಿರುಗುತ್ತದೆ. ಅದನ್ನು ತಿನ್ನುವ ಕೋಪೆಪಾಡ್ ಎಂಬ ಸಣ್ಣ ಸಿಗಡಿಯಂಥ ಜೀವಿಗಳು ಹೆಚ್ಚಲು ಎರಡು ಮೂರು ವಾರ. ಈ ಅಂತರದಿಂದಾಗಿ ನೀರು ಅತಿ ತಣ್ಣಗಿರುವ ಜಾಗದಲ್ಲೇ ಮೀನು ಅತಿ ಹೆಚ್ಚು ಇರುವುದಿಲ್ಲ. ಮೇಲೆದ್ದ ನೀರು ಪ್ರವಾಹದೊಂದಿಗೆ ಸರಿದು, ಸ್ವಲ್ಪ ಬೆಚ್ಚಗಾಗಿ, ಮೇವು ಕೂಡಿದ ಕಡೆ ಮೀನು ಇರುತ್ತದೆ. ಬೂತಾಯಿಯ ಹಿಕ್ಮತ್ತು ಇರುವುದು ಅದರ ಕಿವಿರಿನಲ್ಲಿ. ಕಿವಿರಿನ ಬಾಚಣಿಗೆಯಂಥ ಎಳೆಗಳು ಎಷ್ಟು ಒತ್ತಾಗಿವೆ ಎಂದರೆ ಡಯಾಟಮನ್ನೇ ನೇರವಾಗಿ ಸೋಸಿ ನುಂಗುತ್ತದೆ. ಆಹಾರ ಸರಪಳಿಯ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗುವಾಗ ಆಹಾರದ ಸುಮಾರು ಹತ್ತನೇ ಒಂದು ಪಾಲು ಮಾತ್ರ ಮೈಗೆ ಹತ್ತುತ್ತದೆ ಎಂಬುದು ಸ್ಥೂಲ ಲೆಕ್ಕ. ಬೂತಾಯಿ ಮೊದಲ ಮೆಟ್ಟಿಲಲ್ಲೇ ಊಟ ಮುಗಿಸುವುದರಿಂದ ರಾಶಿ ರಾಶಿ ಬೆಳೆಯುತ್ತದೆ. ಅಂಜಲ್ ಇಂಥ ಮೀನನ್ನೇ ತಿಂದು ಬದುಕುವ ಮೀನು, ಎರಡು ಮೂರು ಮೆಟ್ಟಿಲು ಮೇಲೆ. ದಾವಣಗೆರೆಯಲ್ಲಿ ಇವೆರಡರ ದರದ ಅಂತರಕ್ಕೆ ರುಚಿಯಷ್ಟೇ ಈ ಲೆಕ್ಕವೂ ಕಾರಣ.

ಬೂತಾಯಿ ಮೊಟ್ಟೆ ಇಡುವುದೂ ಮುಖ್ಯವಾಗಿ ಮುಂಗಾರಿನಲ್ಲೇ. ಮರಿಗೆ ಮೇವು ಸಿದ್ಧವಿರುವ ಕಾಲ ಅದು. ಒಂದು ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಬೆಳೆದು ಪ್ರಾಯಕ್ಕೆ ಬರುತ್ತದೆ, ಆಯಸ್ಸು ಎರಡು–ಎರಡೂವರೆ ವರ್ಷ. ಇಲ್ಲಿಯೇ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದೆ. ಇಷ್ಟು ಕಡಿಮೆ ಆಯಸ್ಸಿನ ಮೀನಿಗೆ ಹಳೆಯ ತಲೆಮಾರಿನ ದಾಸ್ತಾನು ಇರುವುದಿಲ್ಲ. ಒಂದೆರಡು ಮುಂಗಾರಿನಲ್ಲಿ ತಣ್ಣೀರು ತಡವಾಗಿ ಏರಿದರೆ, ಕಡಿಮೆ ಏರಿದರೆ ಅಥವಾ ಮರಿಗಳನ್ನೇ ಬಲೆ ಬಾಚಿಕೊಂಡರೆ ಮುಂದಿನ ವರ್ಷ ಮಾರುಕಟ್ಟೆ ಖಾಲಿ. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ನಿನಷ್ಟು ಬೂತಾಯಿ ಸಿಕ್ಕಿತ್ತು, 2021ರಲ್ಲಿ 3,300 ಟನ್ನಿನ ಆಸುಪಾಸಿಗೆ ಕುಸಿಯಿತು. ಪೆಸಿಫಿಕ್ ಕಡಲು ಬಿಸಿಯಾಗುವ ಎಲ್ ನಿನೋ ವರ್ಷಗಳು, ಅದರಲ್ಲೂ 2015–16ರದ್ದು, ನಮ್ಮ ಕಡಲಿನ ಉಷ್ಣತೆ, ಗಾಳಿ ಎರಡನ್ನೂ ಕದಡುತ್ತವೆ. ಎಲ್ಲ ತಪ್ಪನ್ನೂ ಎಲ್ ನಿನೋ ಮೇಲೆ ಹೊರಿಸುವುದು ಸುಲಭ, ಆದರೆ ಮರಿ ಹಿಡಿದು ಮೀನುಪುಡಿ ಕಾರ್ಖಾನೆಗೆ ಕಳಿಸಿದ್ದರ ಪಾಲು ಸಣ್ಣದಲ್ಲ. ಇದು ಹೊಸ ಪಾಠವೂ ಅಲ್ಲ. 1940ರ ದಶಕದಲ್ಲಿ ಬೂತಾಯಿ ಬಿದ್ದುಹೋದಾಗ ಆಗಿನ ಮದ್ರಾಸ್ ಸರ್ಕಾರ ಮರಿ ಹಿಡಿಯುವ ಬಲೆಗೆ ನಿರ್ಬಂಧ ಹಾಕಿತ್ತು. ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ.

ಮೇಲೇಳುವ ತಣ್ಣೀರಿಗೆ ಇನ್ನೊಂದು ಮುಖವಿದೆ. ಸಾಮಾನ್ಯವಾಗಿ ತಣ್ಣೀರು ಹೆಚ್ಚು ಆಮ್ಲಜನಕ ಹಿಡಿಯುತ್ತದೆ. 10 ಡಿಗ್ರಿಯ ಕಡಲನೀರು ಲೀಟರಿಗೆ 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯದ್ದು 6ಕ್ಕೆ ಸ್ವಲ್ಪ ಮೇಲೆ. ಆದರೆ ಅದು ಹಿಡಿಯಬಲ್ಲ ಪ್ರಮಾಣ, ಇರುವ ಪ್ರಮಾಣವಲ್ಲ. ಅರಬ್ಬೀ ಸಮುದ್ರದ ಆಳದ ನೀರು ಬಹಳ ಕಾಲ ಗಾಳಿ ಕಾಣದೆ, ಕೊಳೆತದ್ದಕ್ಕೆಲ್ಲ ಆಮ್ಲಜನಕ ತೆತ್ತು ಬರಿಗೈಯಾಗಿರುತ್ತದೆ. ಅಂಥ ನೀರು ಗೊಬ್ಬರದ ಜತೆ ದಡಕ್ಕೆ ಏರುತ್ತದೆ, ಮೇಲಿನ ಸಿಹಿನೀರಿನ ಹೊದಿಕೆ ಗಾಳಿ ಬೆರೆಯಲು ಬಿಡುವುದಿಲ್ಲ, ಮೇಲಿಂದ ಸತ್ತ ಪ್ಲಾಂಕ್ಟನ್ ಬಿದ್ದು ಇದ್ದಬದ್ದದ್ದೂ ಖರ್ಚು. 1999ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಪಶ್ಚಿಮ ಕರಾವಳಿಯ ತಳನೀರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಪತ್ತೆಯಾಗಿತ್ತು. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ತಳದ ನಂಗ್ (ಚಪ್ಪಟೆ ಮೀನು), ಸಿಗಡಿ, ಏಡಿಗಳು ದಡದ ಕಡೆಗೋ ಮೇಲಕ್ಕೋ ಓಡಬೇಕು, ಓಡಲಾಗದ್ದು ಸಾಯುತ್ತದೆ. ಮೇಲೆ ಈಜುವ ಮೀನಿಗೂ ಬದುಕುವ ಪದರ ತೆಳುವಾಗಿ, ಗುಂಪು ಒತ್ತೊತ್ತಾಗುತ್ತದೆ. ಬಲೆಗೆ ಒಮ್ಮೆಲೇ ಹೇರಳ ಬಿತ್ತೆಂದರೆ ಕಡಲು ತುಂಬಿದೆ ಅಂತಲೇ ಅರ್ಥವಲ್ಲ.

ನವೆಂಬರ್‌ನಿಂದ ಗಾಳಿ, ಪ್ರವಾಹ ಎರಡೂ ತಿರುಗುತ್ತವೆ. ದಡದ ನೀರು ಉತ್ತರಕ್ಕೆ ಹರಿಯುತ್ತಾ ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯ ನೀರನ್ನು ತರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಈ ಕಾಲದಲ್ಲಿ ಉಪಗ್ರಹದಿಂದ ಕಡಲು ಚೆನ್ನಾಗಿ ಕಾಣುತ್ತದೆ. ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇಂಕಾಯ್ಸ್, ಮೇಲ್ನೀರಿನ ಉಷ್ಣತೆ ಮತ್ತು ಹಸಿರಿನ ಅಂಶ ನೋಡಿ, ಎರಡೂ ಒಟ್ಟಿಗೆ ಥಟ್ಟನೆ ಬದಲಾಗುವ ಗೆರೆಗಳನ್ನು ಗುರುತಿಸಿ, ಮೀನು ಸಿಗಬಹುದಾದ ವಲಯ ಎಂದು ಕನ್ನಡದಲ್ಲೂ ಸೂಚನೆ ಕೊಡುತ್ತದೆ. ಇಂಥ ಗೆರೆಯಲ್ಲಿ ಭಾರದ ನೀರು ಹಗುರದ ಅಡಿಗೆ ನುಸುಳುವುದರಿಂದ ನೊರೆ, ಕಸಕಡ್ಡಿ, ಅಂಬಲಿಮೀನು (ಜೆಲ್ಲಿಫಿಶ್) ಒಂದು ಸಾಲಿನಲ್ಲಿ ಕೂಡುತ್ತವೆ, ಅದರಡಿ ಸಣ್ಣ ಮೀನು, ಅದನ್ನು ಹುಡುಕಿ ಬರುವ ಕೇದರ (ಟ್ಯೂನಾ). ಮಳೆಗಾಲದಲ್ಲಿ ಮೋಡ ಅಡ್ಡ ಬರುವುದರಿಂದ ಈ ಸೂಚನೆ ಸಿಗುವುದು ಕಷ್ಟ.

ಮಾರುಕಟ್ಟೆಗೆ ಬರೋಣ. ಮೊಟ್ಟೆ ಇಟ್ಟು ಬಡಕಲಾದ ಬೂತಾಯಿ ಮುಂಗಾರಿನ ಮೇವು ತಿಂದು ಸೆಪ್ಟೆಂಬರ್‌ನಿಂದ ಡಿಸೆಂಬರ್ ಹೊತ್ತಿಗೆ ಕೊಬ್ಬು ತುಂಬಿಕೊಳ್ಳುತ್ತದೆ, ರುಚಿಯ ಕಾಲ ಅದೇ. ಆದರೆ ಮೇಯುತ್ತಿದ್ದಾಗ ಹಿಡಿದ ಬೂತಾಯಿಗೆ ಒಂದು ದೋಷವಿದೆ. ಹೊಟ್ಟೆ ತುಂಬ ಪ್ಲಾಂಕ್ಟನ್, ಅದನ್ನು ಅರಗಿಸುವ ರಸವೂ ಜೋರು. ಸತ್ತ ಮೇಲೆ ಆ ರಸ ಹೊಟ್ಟೆಯ ಗೋಡೆಯನ್ನೇ ಕರಗಿಸಿ, ಐಸ್ ಕಡಿಮೆಯಾದರೆ ಕೆಲವೇ ಗಂಟೆಯಲ್ಲಿ ಹೊಟ್ಟೆ ಒಡೆಯುತ್ತದೆ. ಘಾಟಿ ಹತ್ತಿ ದಾವಣಗೆರೆಗೆ ಬರುವಷ್ಟರಲ್ಲಿ ಅರ್ಧ ಬುಟ್ಟಿ ಹೊಟ್ಟೆ ಒಡೆದದ್ದಾದರೆ ಆ ಬುಟ್ಟಿ ಬಿಡಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ ಗುಳಿ ಮೇಲೇಳಬೇಕು. ಕಿವಿರಿನ ಬಣ್ಣ ಒಂದನ್ನೇ ನಂಬಬೇಡಿ, ಮೂಸಿಯೂ ನೋಡಿ.

ಬಂಗುಡೆ, ಬೂತಾಯಿ, ಕೇದರ ಮೂರರಲ್ಲೂ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಬೆಚ್ಚಗೆ ಬಿಟ್ಟರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ತಿಂದ ಕೆಲವೇ ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು. ಎಷ್ಟು ಕುದಿಸಿದರೂ, ಹುರಿದರೂ ಹಿಸ್ಟಮಿನ್ ಹೋಗುವುದಿಲ್ಲ, ಆದ್ದರಿಂದ ಖಾರ ಹೆಚ್ಚು ಹಾಕಿ ಸರಿಮಾಡುವ ಮಾತೇ ಇಲ್ಲ. ಚನ್ನಗಿರಿಗೆ ಒಯ್ಯುವುದಾದರೆ 1 ಕಿಲೋ ಮೀನಿಗೆ 1 ಕಿಲೋ ಪುಡಿ ಐಸ್, ಥರ್ಮೋಕೋಲ್ ಡಬ್ಬಿ, ಕರಗಿದ ನೀರು ಹೊರಹೋಗಲು ಅಡಿಯಲ್ಲಿ ತೂತು. ಮನೆ ಮುಟ್ಟಿದ ಕೂಡಲೇ ಕರುಳು, ಕಿವಿರು ತೆಗೆದು ತೊಳೆಯಿರಿ. ಬೂತಾಯಿಯ ಎಣ್ಣೆ ಫ್ರೀಜರ್‌ನಲ್ಲೂ ಕಮಟುತ್ತದೆ, ಎರಡು ತಿಂಗಳಿಗಿಂತ ಹೆಚ್ಚು ಇಡಬೇಡಿ. ಅಂಗೈಯಷ್ಟೂ ಇಲ್ಲದ ಮರಿ ಅಗ್ಗಕ್ಕೆ ಸಿಕ್ಕರೂ ಬೇಡ. ಕೇರಳದಲ್ಲಿ ಬೂತಾಯಿಗೆ 10, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಅಳತೆ ಎಂದು ಕಾನೂನೇ ಇದೆ. ಜೂನ್–ಜುಲೈನಲ್ಲಿ ‘ಮಂಗಳೂರಿನ ತಾಜಾ’ ಎಂದು ರಾಶಿ ಹಾಕಿದ್ದರೆ ಎಲ್ಲಿಂದ ಬಂತು ಎಂದು ಕೇಳಿ. ನಾಡದೋಣಿಯವರದ್ದು ಸ್ವಲ್ಪ ಇರಬಹುದು, ಜೂನ್ 15ರಿಂದ ಪೂರ್ವ ಕರಾವಳಿಯ ರಜೆ ಮುಗಿಯುವುದರಿಂದ ಅಲ್ಲಿಯದಿರಬಹುದು, ಇಲ್ಲವೇ ಶೀತಲಗೃಹದ್ದು. ಶೀತಲಗೃಹದ್ದು ಕೆಟ್ಟದ್ದೇನಲ್ಲ, ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿರಬಾರದು ಅಷ್ಟೇ.

ಇನ್ನು ನಿಮ್ಮ ಹೊಂಡ. ಸಂಬಂಧ ಇದೆ, ಕಡಲಲ್ಲಿ ನಡೆಯುವುದೇ ಅಲ್ಲೂ ನಡೆಯುತ್ತಿದೆ. 21 ಮೀಟರ್ ಚೌಕ, 3 ಮೀಟರ್ ಆಳದ ಪಾಲಿಥಿನ್ ಹಾಸಿದ ಹೊಂಡದಲ್ಲಿ ಬೇಸಿಗೆಯ ಬಿಸಿಲಿಗೆ ಮೇಲಿನ ಒಂದು ಮೀಟರ್ ಕಾದು ಹಗುರವಾಗಿ ಕೂರುತ್ತದೆ. ಕೆಳಗೆ ಉಳಿದ ತಿಂಡಿ, ಹಿಕ್ಕೆ, ಸತ್ತ ಪಾಚಿ ಕೊಳೆತು ಆಮ್ಲಜನಕ ಮುಗಿದಿರುತ್ತದೆ. ಮೋಡ ಮುಚ್ಚಿದ ದಿನ ಪಾಚಿ ಸಾಕಷ್ಟು ಆಮ್ಲಜನಕ ಮಾಡುವುದಿಲ್ಲ, ರಾತ್ರಿ ತಾನೇ ಉಸಿರಾಡಿ ಖರ್ಚು ಮಾಡುತ್ತದೆ. ಅದರ ಮೇಲೆ ತಂಪು ಗಾಳಿಯೋ ಜೋರು ಮಳೆಯೋ ಬಂದರೆ ಮೇಲ್ನೀರು ತಣ್ಣಗಾಗಿ ಮುಳುಗಿ, ತಳದ ಕೆಟ್ಟನೀರು ಏಳುತ್ತದೆ. ಬೆಳಗಿನ ಜಾವ ಆಮ್ಲಜನಕ ಅತಿ ಕಡಿಮೆ, ಆಗಲೇ ಮೀನು ಬಾಯಿ ಬಿಡುವುದು. ಮೊದಲು ದೊಡ್ಡ ಮೀನುಗಳೇ ಸಾಯುತ್ತವೆ.

ಅಳೆದು ನೋಡಿ. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ ತಳಕ್ಕೆ ಇಳಿಸಿ, ಅಲ್ಲಿ ಬಿರಡೆ ಎಳೆದು ನೀರು ತುಂಬಿಸಿ ಮೇಲೆತ್ತಿ. ಮಧ್ಯಾಹ್ನ ಮೇಲಿನ, ಕೆಳಗಿನ ನೀರಿಗೆ 3 ಡಿಗ್ರಿಗಿಂತ ಹೆಚ್ಚು ಅಂತರ ಇದ್ದರೆ ಪದರ ಕಟ್ಟಿದೆ ಎಂದರ್ಥ. ಆಮ್ಲಜನಕದ ಕಿಟ್ ಇದ್ದರೆ ಬೆಳಗ್ಗೆ 5–6ಕ್ಕೆ ನೋಡಿ: ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ, 3ಕ್ಕಿಂತ ಕೆಳಗೆ ಕೆಲಸ ಶುರು ಮಾಡಿ. ಮೋಡದ ದಿನ ತಿಂಡಿ, ಸಗಣಿ, ಯೂರಿಯಾ ಯಾವುದೂ ಬೇಡ. ನೀರಿಗೆ ಗಾಳಿ ಬೆರೆಸುವ ಯಂತ್ರ (ಏರೇಟರ್) ಇದ್ದರೆ ರಾತ್ರಿ 10ರಿಂದ ಸೂರ್ಯೋದಯದವರೆಗೆ ಓಡಿಸಿ. ಇಲ್ಲದಿದ್ದರೆ ಪಂಪಿನಿಂದ ಹೊಂಡದ ಮೇಲ್ನೀರನ್ನೇ ಎತ್ತಿ ತುಂತುರಾಗಿ ಬೀಳಿಸಿ. ಮೀನು ಬಾಯಿ ಬಿಡುವಾಗ ಪಂಪಿನ ಕಾಲನ್ನು ತಳಕ್ಕೆ ಇಳಿಸಿ ಕೆಸರು ಕಲಕಿದರೆ ಉಳಿದವೂ ಹೋಗುತ್ತವೆ, ಎಷ್ಟೋ ಕಡೆ ಆಗುವ ತಪ್ಪೇ ಇದು. ಸುಣ್ಣ ಎರಚಿದರೆ ಆಮ್ಲಜನಕ ಬರುವುದಿಲ್ಲ. ಪದರ ಕಟ್ಟದಂತೆ ನೋಡಿಕೊಳ್ಳಬೇಕೆಂದರೆ ಬೇಸಿಗೆಯಲ್ಲೇ ದಿನಾ ಮಧ್ಯಾಹ್ನ ಒಂದು ಗಂಟೆ ನೀರು ತಿರುಗಿಸಿ, ಆಗ ಮೇಲಿನ ಪಾಚಿ ಮಾಡಿದ ಆಮ್ಲಜನಕವೇ ಕೆಳಗೂ ಇಳಿಯುತ್ತದೆ. ತಿಂಗಳುಗಟ್ಟಲೆ ಕದಡದೆ ಬಿಟ್ಟ ಹೊಂಡವನ್ನು ಮಾತ್ರ ಒಂದೇ ದಿನ ಪೂರ್ತಿ ಕಲಕಬೇಡಿ, ಮೊದಲ ವಾರ ದಿನಕ್ಕೆ 10–15 ನಿಮಿಷ ಸಾಕು. ಏರೇಟರ್ ಇಲ್ಲದ ಹೊಂಡಕ್ಕೆ ಚದರ ಮೀಟರಿಗೆ 1 ಮರಿಗಿಂತ ಹೆಚ್ಚು ಬಿಡಬೇಡಿ, ಅಂದರೆ ನಿಮ್ಮ ಹೊಂಡ ಆ ಅಳತೆಯದ್ದಾದರೆ 400ರ ಒಳಗೆ.